ಎರಡನೆಯ ಸೂಜಿ

“ಇವತ್ತು ನಿನಗೊಂದು ಕೆಲಸ ಕಡಿಮೆ ಮಾಡಿದ್ದೀನಿ. ಅಮ್ಮನಿಗೆ ಇನ್ಸುಲಿನ್ ಸೂಜಿ ನಾನೇ ಕೊಟ್ಟು ಬಂದೆ.”

ಬಸ್ ಚಾಲಕನಾದ ಗಂಡ ಚಹಾದ ಬಿಡುವಿನಲ್ಲಿ ಫೋನ್ ಮಾಡಿ ಇಷ್ಟು ಹೇಳಿದವನು, ಹೆಂಡತಿಯಿಂದ ಒಂದು ಶಭಾಷ್‌ಗಿರಿಗೆ ಕಾಯುವವನಂತೆ ಸುಮ್ಮನಾದ. ಕನ್ನಡಕದ ಅಂಗಡಿಯಲ್ಲಿ ಮುದುಕರೊಬ್ಬರ ಕಿವಿಗೆ ಹೊಸ ಫ್ರೇಮಿನ ಕಡ್ಡಿಯನ್ನು ಹೊಂದಿಸುತ್ತಿದ್ದ ಅವಳ ಬೆರಳುಗಳು ಅಲ್ಲೇ ನಿಂತುಬಿಟ್ಟವು.

“ರೀ... ಸೂಜಿ ನಾನೂ ಕೊಟ್ಟೆ.”

ಆ ಮನೆಯಲ್ಲಿ ಬೆಳಗು ಹರಿಯುತ್ತಿದ್ದುದೇ ಓಟದಲ್ಲಿ. ಅವನ ಪಾಳಿ ವಾರಕ್ಕೊಂದು ಬಗೆ. ಮಗಳ ಶಾಲೆಯ ವ್ಯಾನು ಯಾರಿಗೂ ಕಾಯುವುದಲ್ಲ. ಅಂಗಡಿಯ ಬೀಗ ತೆಗೆಯಬೇಕಾದವಳು ಅವಳೇ. ಗಂಡಹೆಂಡತಿ ಇಬ್ಬರೂ ಬಾಗಿಲಲ್ಲಿ, ಎದುರುಬದುರಾದ ಎರಡು ಬಸ್ಸುಗಳು ಹಾರ್ನ್ ಹೊಡೆದು ಹೋಗುವಂತೆ, “ಬಂದೆ”, “ಹೋದೆ” ಎಂದುಕೊಂಡು ದಾಟಿಬಿಡುತ್ತಿದ್ದರು. ನಿನ್ನೆ ಸಂಜೆ ಅವಳು ತಡೆಯಲಾರದೆ, ನನಗೇನು ಹತ್ತು ಕೈ ಇವೆಯೇ ಎಂದು ಗಂಡನ ಮೇಲೆ ರೇಗಿದ್ದಳು. ಅದು ಅವನ ಮನಸ್ಸಿಗೆ ನಾಟಿತ್ತು. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋಗಿದ್ದಾಗ ತಾಯಿಗೆ ಸೂಜಿ ಚುಚ್ಚಿ, ಹೇಳಲು ಪುರುಸೊತ್ತಿಲ್ಲದೆ ಹೊರಟುಹೋಗಿದ್ದ. ಅವಳು ಒದ್ದೆ ತಲೆಯಲ್ಲೇ ಬಂದು, ದಿನದಂತೆ ತಾನೂ ಚುಚ್ಚಿ, ಅತ್ತೆಯ ಮುಂದೆ ತಿಂಡಿಯ ತಟ್ಟೆ ಇಟ್ಟು, ಮಗಳನ್ನು ವ್ಯಾನಿಗೆ ಹತ್ತಿಸಿ ಓಡಿದ್ದಳು.

ಅತ್ತೆ ತುಟಿಪಿಟಕ್ಕೆನ್ನದೆ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ ಕೊಟ್ಟಿದ್ದರು. ಕೊಂಕು ತೆಗೆಯದೆ ಒಂದು ಲೋಟ ನೀರನ್ನೂ ಕುಡಿಯದ ಅತ್ತೆ, ‘ಈಗಷ್ಟೇ ಆಯಿತಲ್ಲ’ ಎಂಬ ಒಂದು ಮಾತು ಆಡಲಿಲ್ಲವೇಕೆ?

ಮನೆಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಅದೇ. ತುಂಬಿದ ಬಸ್ಸನ್ನು ಇನ್ನೊಬ್ಬರ ಕೈಗೊಪ್ಪಿಸದೆ ಗಂಡ ಬರುವಂತಿರಲಿಲ್ಲ. ಅಂಗಡಿಯನ್ನು ಆ ಮುದುಕರ ವಶಕ್ಕೇ ಬಿಟ್ಟು ಅವಳು ಬೀದಿಗೆ ಓಡಿ, ಸಿಕ್ಕ ಬಾಡಿಗೆ ಗಾಡಿ ಹತ್ತಿದಳು. ಪ್ರತಿ ಸಿಗ್ನಲ್ಲಿನ ಕೆಂಪು ದೀಪದಲ್ಲೂ ಅವಳ ಜೀವ ಹೋಗಿ ಬರುತ್ತಿತ್ತು. ಇನ್ಸುಲಿನ್ ಹೆಚ್ಚಾಗಿ ರಕ್ತದ ಸಕ್ಕರೆಯಂಶ ಇಳಿದರೆ ಏನಾಗುತ್ತದೆಂದು ಡಾಕ್ಟರು ಹಿಂದೆ ಹೇಳಿದ್ದೆಲ್ಲ ಈಗ ಒಂದೊಂದಾಗಿ ಕಿವಿಯಲ್ಲಿ ಮೊಳಗತೊಡಗಿತು. ಅದಕ್ಕಿಂತ ಹೆಚ್ಚಾಗಿ ಅವಳನ್ನು ನಡುಗಿಸಿದ್ದು ತನ್ನದೇ ಒಂದು ಯೋಚನೆ. ಹೋದ ವಾರ ಅತ್ತೆಯ ಗೊಣಗಾಟ ಕೇಳಲಾರದೆ, ಈ ಬಾಯಿ ಒಂದು ದಿನ ಸುಮ್ಮನಾದರೆ ಸಾಕಪ್ಪ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಅದು ನಿಜವಾಗಿಬಿಟ್ಟರೆ... ದೇವರೇ, ಬೇಡ!

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಬಡಿದಳು, ಕೂಗಿದಳು. ಉತ್ತರವಿಲ್ಲ. ಎದುರುಮನೆಯ ಬಡಗಿ ಸದ್ದು ಕೇಳಿ ಉಳಿ ಸುತ್ತಿಗೆ ಹಿಡಿದು ಓಡಿಬಂದ. ಚಿಲಕ ಕಿತ್ತು ಬಂದಾಗ ಅವಳಿಗೆ ಒಳಗೆ ಕಾಲಿಡಲು ಧೈರ್ಯವಾಗಲಿಲ್ಲ. ಬಡಗಿಯೇ ಮೆಲ್ಲಗೆ ಬೆನ್ನು ತಟ್ಟಿದ.

ಅತ್ತೆ ಊಟದ ಮೇಜಿನ ಕಾಲಿಗೆ ಒರಗಿ ನೆಲದ ಮೇಲೆ ಕುಸಿದಿದ್ದರು. ಬಟ್ಟೆಯೆಲ್ಲ ಬೆವರಿನಿಂದ ತೊಯ್ದಿತ್ತು. ತಿಂಡಿಯನ್ನು ಅರ್ಧವೂ ತಿಂದಿರಲಿಲ್ಲ. ಕಣ್ಣು ತೆರೆದೇ ಇತ್ತು, ಆದರೆ ಆ ನೋಟ ಅವಳನ್ನು ದಾಟಿ ಎಲ್ಲಿಗೋ ಹೋಗುತ್ತಿತ್ತು.

“ಯಾರಮ್ಮ ನೀನು?” ಎಂದರು ತೊದಲುತ್ತ.

ಅವಳು ಅಳುತ್ತಲೇ ಸಕ್ಕರೆಯನ್ನು ನೀರಲ್ಲಿ ಕಲಸಿ ಬೆರಳಿನಿಂದ ಅತ್ತೆಯ ಒಸಡಿಗೆ ಸವರಿದಳು. ಬಡಗಿ ಆಂಬುಲೆನ್ಸಿಗೆ ಫೋನ್ ಮಾಡಿದ.

ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಗ್ಲೂಕೋಸ್ ಹರಿದ ಮೇಲೆ ಅತ್ತೆಗೆ ಪ್ರಜ್ಞೆ ಮರಳಿತು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಖಾಕಿ ಸಮವಸ್ತ್ರದಲ್ಲೇ ಓಡಿಬಂದ ಗಂಡ, ತಾಯಿಗೆ ಅಪಾಯವಿಲ್ಲ ಎಂದು ತಿಳಿದೊಡನೆ ಹೆದರಿಕೆಯನ್ನೆಲ್ಲ ಹೆಂಡತಿಯ ಮೇಲೆ ಸುರಿದ.

“ಕೊಡೋ ಮೊದಲು ಅಮ್ಮನ್ನ ಒಂದು ಮಾತು ಕೇಳ್ಬಾರದಿತ್ತಾ?”

“ಕೊಟ್ಟ ಮೇಲೆ ನನಗೊಂದು ಮಾತು ಹೇಳ್ಬಾರದಿತ್ತಾ?”

ಆ ಸಂಕಟದಲ್ಲೇ ಅವಳ ಬಾಯಿಂದ ಆಡಬಾರದ ಮಾತು ಬಂದುಹೋಯಿತು.

“ನಿಮ್ಮಮ್ಮ ಬೇಕೂಂತಲೇ ಸುಮ್ನಿದ್ರು. ನನ್ನ ಮೇಲೆ ತಪ್ಪು ಹೊರಿಸೋಕೆ.”

ಅವನ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ನರ್ಸ್ ಬಂದು, ಅಜ್ಜಿ ಸೊಸೆಯೊಬ್ಬಳನ್ನೇ ಒಳಗೆ ಕರೆಯುತ್ತಿದ್ದಾರೆ ಎಂದಳು.

ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಎಂದಿನ ಗಡಸು ದನಿ ಎಲ್ಲಿ ಹೋಗಿತ್ತೋ...

“ನೀನು ಹೊರಗೆ ಅಂದಿದ್ದು ಕೇಳಿಸ್ತು. ಬೇಕೂಂತ ಸುಮ್ನಿದ್ದಿದ್ರೆ ಎಷ್ಟೋ ಚೆನ್ನಾಗಿತ್ತು ಕಣೆ. ಅವನು ಸೂಜಿ ಕೊಟ್ಟಿದ್ದು ನನಗೆ ನೆನಪೇ ಇರ್ಲಿಲ್ಲ. ಈಗ್ಲೂ ಇಲ್ಲ.”

ಅತ್ತೆ ತಡೆತಡೆದು ಹೇಳಿಕೊಂಡರು. ಸೊಸೆಯನ್ನು ಬೈದಿದ್ದರೂ, ಒಲೆಯ ಮೇಲೆ ಹಾಲು ಸೀದುಹೋದದ್ದು ತಮ್ಮಿಂದಲೇ. ಬೀರುವಿನ ಕೀಲಿ ಕಳೆದವರೂ ತಾವೇ. ಒಮ್ಮೆ ತಿರುವಿನ ಅಂಗಡಿಯವರೆಗೆ ಹೋದವರಿಗೆ ಮನೆಯ ದಾರಿಯೇ ಹೊಳೆಯದೆ, ಯಾರದೋ ಜಗಲಿಯ ಮೇಲೆ ಕುಳಿತು ಅತ್ತು ಬಂದಿದ್ದರು.

“ಮೊದ್ಲೇ ನಾನು ಬೈದುಬಿಟ್ರೆ, ಆಮೇಲೆ ಯಾರೂ ನನ್ನ ಏನೂ ಕೇಳಲ್ಲ. ಅದಕ್ಕೇ ಬೈತಿದ್ದೆ,” ಎಂದರು. “ನೀವಿಬ್ರೂ ಉಸಿರುಗಟ್ಟಿ ಓಡ್ತಿರ್ತೀರಿ. ಇದೂ ಒಂದು ಸೇರ್ಕೊಂಡ್ರೆ ನನ್ನ ಎಲ್ಲಿ ಬಿಟ್ಟು ಬರ್ತೀರೋ ಅಂತ ಭಯ. ಅವನಿಗೆ ಹೇಳ್ಬೇಡ ಕಣೆ.”

ಇಷ್ಟು ವರ್ಷ ಯಾವ ನಾಲಿಗೆಗೆ ಹೆದರಿ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಿದ್ದಳೋ, ಆ ನಾಲಿಗೆಯೇ ತನಗಿಂತ ಹೆಚ್ಚು ಹೆದರಿತ್ತು. ಗ್ಲೂಕೋಸಿನ ಸೂಜಿ ಚುಚ್ಚಿದ್ದ ಅತ್ತೆಯ ಕೈಯನ್ನು ಅವಳು ನೋವಾಗದಂತೆ ಹಿಡಿದುಕೊಂಡಳು.

“ಹೇಳ್ಲೇಬೇಕು ಅತ್ತೆ. ಒಬ್ಬರಿಗೊಬ್ಬರು ಹೇಳದೇ ಇದ್ದದ್ದಕ್ಕೇ ಅಲ್ವಾ ಇವತ್ತು ಇಷ್ಟೆಲ್ಲ ಆಗಿದ್ದು? ನಾನು ಇಲ್ಲೇ ಇರ್ತೀನಿ. ನೀವೇ ಹೇಳಿ.”

ಅವಳು ಕರೆದಾಗ ಒಳಗೆ ಬಂದ ಮಗ ಎಲ್ಲವನ್ನೂ ಕೇಳಿಸಿಕೊಂಡ. ಸ್ಟೂಲಿನ ಮೇಲೆ ಕುಸಿದು ತಾಯಿಯ ಪಾದ ಹಿಡಿದು ಬಿಕ್ಕಿದ. ಒಂದೇ ಪಾಳಿ ಕೊಡಿ ಎಂದು ಡಿಪೋದಲ್ಲಿ ನಾಳೆಯೇ ಕೇಳುತ್ತೇನೆ ಎಂದ. ಅಂಗಡಿಗೆ ಮಧ್ಯಾಹ್ನದ ಮೇಲಷ್ಟೇ ಹೋಗುತ್ತೇನೆ ಎಂದಳು ಅವಳು. ಮರೆವಿನ ಪರೀಕ್ಷೆಗಳಾಗಬೇಕು, ಪೂರ್ತಿ ವಾಸಿಯಾಗುವ ಮಾತು ಈಗಲೇ ಬೇಡ ಎಂದರು ಡಾಕ್ಟರು. ಆ ಮಾತಿನ ಚಳಿ ಮೂವರ ಎದೆಯಲ್ಲೂ ಕುಳಿತಿತು.

ಸಂಜೆ ಬಡಗಿಯ ಹೆಂಡತಿ ಇವರ ಮಗಳನ್ನು ಶಾಲೆಯಿಂದ ನೇರ ಆಸ್ಪತ್ರೆಗೆ ಕರೆತಂದಳು. ಹುಡುಗಿ ಹಾಸಿಗೆಯ ಕಾಲ ಬಳಿ ನಿಂತು, “ಅಜ್ಜಿ” ಎಂದಳು.

ಅತ್ತೆ ಮೊಮ್ಮಗಳನ್ನೇ ನೋಡಿದರು. ಹಣೆ ಸುಕ್ಕಾಯಿತು. ತುಟಿ ಅಲುಗಿತು, ಮಾತು ಬರಲಿಲ್ಲ. ಮಗ ತನ್ನ ಹೆಂಡತಿಯ ತೋಳನ್ನು ಗಟ್ಟಿಯಾಗಿ ಹಿಡಿದ. ಗುರುತು ಸಿಗುತ್ತಿಲ್ಲವೇ... ಇಷ್ಟು ಬೇಗ...

“ಏನೇ ಗಿರಗಿಟ್ಲೆ,” ಎಂದರು ಅತ್ತೆ ಕೊನೆಗೆ. ಒಂದು ಕಡೆ ನಿಲ್ಲದ ಮೊಮ್ಮಗಳಿಗೆ ಅವರೇ ಇಟ್ಟ ಹೆಸರು ಅದು. “ತಲೆ ಏನೇ ಹಿಂಗೆ ಕಾಗೆ ಗೂಡಾಗಿದೆ? ನಿಮ್ಮಮ್ಮನಿಗೆ ಬಾಚೋಕೂ ಪುರುಸೊತ್ತಿರ್ಲಿಲ್ವಾ?”

ಆ ಕೊಂಕು ಕೇಳಿ ಸೊಸೆಯ ಕಣ್ಣಲ್ಲಿ ನೀರು ಕಟ್ಟೆಯೊಡೆಯಿತು. ಮಗಳನ್ನು ಹಾಸಿಗೆಯ ಅಂಚಿನಲ್ಲಿ ಅಜ್ಜಿಗೆ ಒತ್ತಿ ಕೂರಿಸಿದಳು.

“ಇರ್ಲಿಲ್ಲ ಅತ್ತೆ,” ಎಂದಳು. “ಇನ್ಮೇಲೆ ಪುರುಸೊತ್ತು ಮಾಡ್ಕೋತೀನಿ.”