ದಿನಕ್ಕೆ ನಾಲ್ಕು ನಿಮಿಷ

ರಾತ್ರಿ ಹನ್ನೊಂದು ಇಪ್ಪತ್ತು. ವೀಕ್ಷಣಾಲಯದ ಗುಮ್ಮಟ ತಿರುಗುವುದನ್ನು ನಿಲ್ಲಿಸಿತು. ಮೋಟಾರು ಆರಿಸಿದವಳು ಹೊಸದಾಗಿ ಬಂದ ಮೆಕ್ಯಾನಿಕ್.

"ಯಾರ್ರೀ ಅದು? ಒಂದು ಗಂಟೆಯ ಫೋಟೋ ಹಾಳಾಯ್ತು!" ದೂರದರ್ಶಕದ ಬಳಿಯಿದ್ದ ವೀಕ್ಷಕ ಕೂಗಿದ.

"ಇನ್ನೈದು ನಿಮಿಷ ಬಿಟ್ಟಿದ್ರೆ ಮೋಟಾರೇ ಸುಟ್ಟುಹೋಗ್ತಿತ್ತು. ಹೊಸದು ನಿಮ್ಮಪ್ಪ ತಂದುಕೊಡ್ತಿದ್ರಾ?"

ಕ್ಷಮೆ ಕೇಳಲು ತಿಳಿಯದೆ, ಅವನು ಪಕ್ಕದ ಚಿಕ್ಕ ದೂರದರ್ಶಕದಲ್ಲಿ ಅವಳಿಗೆ ದಕ್ಷಿಣದ ನಕ್ಷತ್ರಗುಚ್ಛ ತೋರಿಸಿದ. ಈಗ ಅದು ಆಕಾಶದ ನಡುಗೆರೆಯಲ್ಲಿದೆ, ಇದಕ್ಕಿಂತ ಮೇಲೇರುವುದಿಲ್ಲ ಎಂದ.

ಲಕ್ಷಾಂತರ ನಕ್ಷತ್ರಗಳ ಚೆಂಡು…

"ಅಯಸ್ಕಾಂತಕ್ಕೆ ಅಂಟಿದ ಕಬ್ಬಿಣದ ಪುಡಿ ಥರ ಇದೆ," ಎಂದಳು. "ನಡುವೆ ದಟ್ಟ, ಅಂಚಲ್ಲಿ ಉದುರು ಉದುರು."

ಒಂಬತ್ತು ವರ್ಷ ನೋಡಿದವನಿಗೆ ಅದು ಹೊಳೆದಿರಲಿಲ್ಲ.

ಆಮೇಲೆ ವಾರಕ್ಕೆರಡು ಸಲ ಮೋಟಾರು ಸದ್ದು ಮಾಡುತ್ತಿದೆಯೆಂದು ಹಗಲು ಹೊತ್ತಿನಲ್ಲಿ ಅವನಿಂದ ಅವಳಿಗೆ ಕರೆ ಬರತೊಡಗಿತು.

"ಮೋಟಾರಿಗೇನೂ ಆಗಿಲ್ಲ ಕಣೇ," ಅವಳ ಅಕ್ಕ ನಕ್ಕಳು. "ಆಗಿರೋದು ಅವನಿಗೆ."

ಮೂವತ್ತನೆಯ ದಿನ ಅವನು ವರ್ಕ್‌ಶಾಪಿಗೇ ಬಂದ. ದೂರದ ಇನ್ನೊಂದು ವೀಕ್ಷಣಾಲಯ ಕೆಲಸಕ್ಕೆ ಕರೆದಿತ್ತು. ನಾಳೆ ಮಧ್ಯಾಹ್ನದೊಳಗೆ ಉತ್ತರ ಕೊಡಬೇಕಿತ್ತು.

"ರಾತ್ರಿ ಗುಚ್ಛ ನಡುಗೆರೆಗೆ ಬಂದಾಗ ಬನ್ನಿ. ಒಂದು ಮಾತು ಕೇಳೋದಿದೆ."

ಅವಳು ಹನ್ನೊಂದು ಇಪ್ಪತ್ತಕ್ಕೆ ಸರಿಯಾಗಿ ಹೋದಳು. ಗುಮ್ಮಟಕ್ಕೆ ಬೀಗ ಬಿದ್ದಿತ್ತು.

ನನ್ನನ್ನು ಕರೆದು ತಾನೇ ಬರಲಿಲ್ಲವೇ…

ಮರುದಿನ ಬೆಳಿಗ್ಗೆ ಮೋಟಾರಿಗೆ ಗ್ರೀಸ್ ಹಾಕಲು ಹೋದಾಗ ಮೇಜಿನ ಮೇಲೆ ದಿನಚರಿ ತೆರೆದಿತ್ತು. '9.22: ಗುಚ್ಛ ನಡುಗೆರೆಯಲ್ಲಿ. 11.00: ಗುಮ್ಮಟ ಮುಚ್ಚಿದೆ. ವೀಕ್ಷಕರು: ಒಬ್ಬರೇ.'

ಗ್ರೀಸ್ ಕೈಯಲ್ಲೇ ಅವನ ಕೋಣೆಗೆ ಓಡಿದಳು. ಅವನು ಒಪ್ಪಿಗೆ ಪತ್ರ ಬರೆಯುತ್ತಿದ್ದ. ಅವಳು ಬಾರದಿದ್ದುದೇ ಉತ್ತರವೆಂದುಕೊಂಡಿದ್ದ.

"ಅವತ್ತು ಹನ್ನೊಂದು ಇಪ್ಪತ್ತಕ್ಕಲ್ವಾ ಅದು ಬಂದಿದ್ದು? ನಿನ್ನೆ ಯಾಕೆ ಎರಡು ಗಂಟೆ ಮುಂಚೆ?"

ಅವನ ಪೆನ್ನು ನಿಂತಿತು. ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಬೇಗ ಬರುತ್ತವೆ ಎಂದು ಮೆಲ್ಲನೆ ವಿವರಿಸಿದ. ಮೂವತ್ತು ದಿನಕ್ಕೆ ಎರಡು ಗಂಟೆ.

"ನನಗದು ಯಾರು ಹೇಳಿದ್ರು?"

"ನಾನು ಹೇಳಬೇಕಿತ್ತು. ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡೆ… ನೀವು ಬಂದಿದ್ರಾ?"

"ಬೀಗ ನೋಡ್ಕೊಂಡು ಹೋದೆ. ಕೇಳೋ ಮಾತು ಏನಿತ್ತು?"

"ನಾನು ಇಲ್ಲೇ ಇದ್ರೆ, ನೀವು ಜೊತೆಗಿರ್ತೀರಾ? ಜೀವನಪೂರ್ತಿ?"

ಅವಳು ಪತ್ರವನ್ನು ಎತ್ತಿಕೊಂಡು, ಅದರಲ್ಲೇ ಕೈ ಒರೆಸಿಕೊಂಡಳು.

"ಇರ್ತೀನಿ. ಆದ್ರೆ ಇನ್ಮೇಲೆ ಗಡಿಯಾರದ ಟೈಮ್ ಹೇಳಿ."

ಅಂದು ಗುಚ್ಛ ಒಂಬತ್ತು ಹದಿನೆಂಟಕ್ಕೆ ನಡುಗೆರೆ ದಾಟಿತು. ಅವಳು ಎಂಟೂವರೆಗೇ ಬಂದಿದ್ದಳು.