ತುಂಬದ ಕ್ಯಾನು

"ಉಪ್ಪು ಹಾಕಿಲ್ಲ. ಸಪ್ಪೆ ಅಂತ ಮೂತಿ ತಿರುಗಿಸಬೇಡ, ತಿನ್ನು!"

ಅತ್ತೆ ತಾವೇ ಬಡಿಸಿ ತಂದ ತಟ್ಟೆಯನ್ನು ಮುಂದಿಟ್ಟಾಗ ಸೊಸೆ ಬೆರಗಾಗಿ ತಟ್ಟೆಯನ್ನೇ ನೋಡಿದಳು. ಹನ್ನೊಂದು ವರ್ಷಗಳಲ್ಲಿ ಆ ಬಾಯಿಂದ ಅವಳಿಗೆ ಕೊಂಕು ಬಿಟ್ಟರೆ ಬೇರೇನೂ ಸಿಕ್ಕಿರಲಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಂಡು ನಿತ್ರಾಣವಾದ ಜೀವ, ಇವತ್ತು ಸೊಸೆಗಾಗಿ ಗೋಡೆ ಹಿಡಿದುಕೊಂಡು ಅಡುಗೆಮನೆಯಿಂದ ಬಂದಿತ್ತು!

ಎಲ್ಲಕ್ಕೂ ಕಾರಣ ಆ ಐದು ಲೀಟರ್ ಕ್ಯಾನು. ಅತ್ತೆಗೆ ಕಿಡ್ನಿ ಕೊಡಲು ಮಗನ ರಕ್ತದ ಗುಂಪು ಹೊಂದಲಿಲ್ಲ, ಸೊಸೆಯದು ಹೊಂದಿತು. ಅವಳ ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದು ತಿಳಿಯಲು, ಬೆಳಗಿನ ಮೊದಲನೆಯದನ್ನು ಬಿಟ್ಟು ಮರುದಿನ ಬೆಳಗಿನವರೆಗಿನ ಮೂತ್ರವನ್ನೆಲ್ಲ ಅದರಲ್ಲಿ ಹಿಡಿದು ತರಬೇಕೆಂದು ನರ್ಸ್ ಹೇಳಿದ್ದರು. ಹೊಲಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಇನ್ನೂರು ಜನರ ಕಣ್ಣೆದುರು ಕ್ಯಾನು ಹಿಡಿದು ಶೌಚಾಲಯಕ್ಕೆ ಹೋಗುವುದು ಹೇಗೆ? ಅಲ್ಲಿ ಹೋದ ಎರಡು ಸಲದ್ದು ಹಾಗೇ ಹರಿದುಹೋಯಿತು. ಎರಡು ಸಲ ತಾನೆ, ಅದೇನು ಮಹಾ ಎಂದುಕೊಂಡಿದ್ದಳು...

ರಿಪೋರ್ಟ್ ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು. "ರಕ್ತದಲ್ಲಿ ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಹೊರಗೆ ಹಾಕಬೇಕಾದ ಕಸ, ಸರಿಯಾಗೇ ಇದೆ. ಆದ್ರೆ ಮೂತ್ರದಲ್ಲಿ ಹೊರಗೆ ಹೋಗಿರೋದು ತೀರಾ ಕಮ್ಮಿ. ಏನೂ ಬಿಡದೆ ಹಿಡಿದಿದ್ದೀರಾ ತಾನೆ?"

ಪಕ್ಕದಲ್ಲೇ ಅತ್ತೆ ಕೂತಿದ್ದರು. ಹೂಂ ಎಂದು ತಲೆಯಾಡಿಸಿಬಿಟ್ಟಳು!

"ಹಾಗಾದ್ರೆ ನಿಮ್ಮ ಕಿಡ್ನಿನೇ ಸೋಲ್ತಿರಬಹುದು. ಸದ್ಯಕ್ಕೆ ಕೊಡೋ ಮಾತು ಬೇಡ."

ಅಂದಿನಿಂದ ಅತ್ತೆ ಬೇರೆಯೇ ಆಗಿಬಿಟ್ಟರು. ಸೊಸೆಗೆ ಬಿಂದಿಗೆ ಎತ್ತಲು ಬಿಡಲಿಲ್ಲ, ಪೊರಕೆ ಮುಟ್ಟಲು ಬಿಡಲಿಲ್ಲ. ಸೊಸೆಗೆ ಒಂದೇ ಪ್ರಶ್ನೆ. ತಾನು ನಿಜವಾಗಿ ರೋಗಿಯೋ, ಬರೀ ಸುಳ್ಳುಗಾತಿಯೋ? ಬಾಯಿ ಬಿಟ್ಟರೆ ಈ ಅಕ್ಕರೆಯೂ ಹೋದೀತು, ಒಂದು ಕಿಡ್ನಿಯೂ ಹೋದೀತು. ಬಿಡದಿದ್ದರೆ... ಅತ್ತೆಯ ಜೀವವೇ ಹೋದೀತು!

"ಅತ್ತೆ..." ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಫ್ಯಾಕ್ಟರಿಯಲ್ಲಿ ಎರಡು ಸಲ ನಾನು ಹಿಡೀಲೇ ಇಲ್ಲ. ನಾಚ್ಕೆ ಆಯ್ತು. ಡಾಕ್ಟರ ಹತ್ರ ಸುಳ್ಳು ಹೇಳ್ದೆ..."

ಬೈಗುಳಕ್ಕೆ ಕಣ್ಣು ಮುಚ್ಚಿ ಕಾದಳು.

"ಅಂದ್ರೆ... ನಿನಗೇನೂ ಆಗಿಲ್ವೇನೇ?"

"ಗೊತ್ತಿಲ್ಲ ಅತ್ತೆ. ಇನ್ನೊಂದ್ಸಲ ಸರಿಯಾಗಿ ಹಿಡಿದ್ರೆ ಗೊತ್ತಾಗುತ್ತೆ."

ಊದಿದ ಕೈಗಳಿಂದ ಅವಳ ಮುಖ ಹಿಡಿದು ಅತ್ತೆ ಬಿಕ್ಕಿದರು. "ಹಾಳಾದೋಳೇ! ಹತ್ತು ದಿನದಿಂದ ನನ್ನ ಪ್ರಾಣ ಹಿಂಡಿಬಿಟ್ಟೆಯಲ್ಲೇ! ಹಿಡಿ, ಇನ್ನೊಂದ್ಸಲ ಹಿಡಿ. ನನಗೆ ಕೊಡೋದೇನೂ ಬೇಡ... ನೀನು ನೆಟ್ಟಗಿದೀಯ ಅಂತ ನನಗೆ ಗೊತ್ತಾಗಬೇಕು, ಅಷ್ಟೇ!"

ಸೊಸೆ ಎದ್ದು ಕಾರ್ಖಾನೆಯ ಮೇಸ್ತ್ರಿಗೆ ಫೋನ್ ಮಾಡಿದಳು. "ನಾಳೆ ಬರಲ್ಲ ಸಾರ್."

"ಅಂಥದ್ದೇನಮ್ಮ ಕೆಲಸ?"

"ಮನೇಲಿ ಸುಮ್ನೆ ಕೂತಿರೋ ಕೆಲಸ," ಎಂದು ಫೋನ್ ಇಟ್ಟಳು. ಅತ್ತೆ ಬೇಡ ಎಂದದ್ದಕ್ಕೇ ಅವಳಿಗೆ ಕಿಡ್ನಿ ಕೊಡಬೇಕೆನ್ನಿಸುತ್ತಿತ್ತು... ಇದು ಪ್ರೀತಿಯೋ ಹಠವೋ?

"ರಿಪೋರ್ಟ್ ಚೆನ್ನಾಗಿ ಬಂದ್ರೆ ಕೊಟ್ಟೇ ಕೊಡ್ತೀನಿ ಅತ್ತೆ."

"ಬೇಡ ಅಂದೆನಲ್ಲೇ!"

"ನಿಮ್ಮ ಮಾತು ನಾನು ಯಾವತ್ತು ಕೇಳಿದೀನಿ?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜಗಳು ಅಲುಗತೊಡಗಿದವು. ನಕ್ಕರೋ ಅತ್ತರೋ, ಸೊಸೆಗೆ ಅದೂ ತಿಳಿಯಲಿಲ್ಲ.