ತಿದ್ದಿ ಓದಿದ ಸಾಲು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ರೆಕಾರ್ಡಿಂಗ್ ಶುರುವಾಯಿತು. ಓದುವವಳು ಕೆಲಸಕ್ಕೆ ಸೇರಿ ಎರಡನೆಯ ದಿನ. ಕಣ್ಣಿಲ್ಲದವರಿಗಾಗಿ ಅವಳು ದನಿ ಕೊಡಬೇಕಾಗಿದ್ದ ಕಾದಂಬರಿಯಲ್ಲಿ ಒಬ್ಬ ಹೆಂಗಸು ತನ್ನ ಬದುಕನ್ನೇ ಮತ್ತೆ ಮತ್ತೆ ಬೇರೆ ಬಗೆಯಲ್ಲಿ ಬದುಕುತ್ತಾಳೆ.

ಗಾಜಿನಾಚೆ ಯಂತ್ರದ ಮುಂದೆ ಕೂರುವ ಮುದುಕನನ್ನು ಎಲ್ಲರೂ ಮಾವ ಎನ್ನುತ್ತಿದ್ದರು. ಬಾಗಿಲು ಹಾಕುವ ಮುಂಚೆ ಅವನು ತಡೆದ.

"ಇದ್ದದ್ದನ್ನ ಇದ್ದ ಹಾಗೇ ಓದಮ್ಮ. ಬರೆದವಳು ಇದಕ್ಕೆ ಮಾಟ ಮಾಡಿಸಿಟ್ಟು ಸತ್ತಳು. ತಿದ್ದಿ ಓದಿದ್ರೆ ಓದಿದವರ ಬದುಕೇ ತಿದ್ದಿಹೋಗುತ್ತೆ. ಒಬ್ಬರನ್ನ ಕೊಟ್ಟು ಒಬ್ಬರನ್ನ ಕಿತ್ಕೊಳ್ಳುತ್ತೆ."

"ಹಾಗಾದ್ರೆ ಮೊದ್ಲು ನನ್ನ ಗಣಿತದ ಮಾರ್ಕ್ಸ್ ತಿದ್ಕೋತೀನಿ ಮಾವ."

ಅವನು ನಗಲಿಲ್ಲ. ದಪ್ಪ ಬಾಗಿಲು ಮುಚ್ಚಿತು. ಪುಟದ ಮೇಲಿನ ದೀಪ ಬಿಟ್ಟರೆ ಒಳಗೆಲ್ಲ ಕತ್ತಲೆ, ಗೋಡೆಗೆ ಬಡಿದ ಕಂಬಳಿಯ ಮುಗ್ಗಲು ವಾಸನೆ, ತನ್ನದೇ ಉಸಿರಿನ ಸದ್ದು. ಬೆಳಿಗ್ಗೆ ಅಮ್ಮನ ಬೆನ್ನಿಗೆ ತಿಕ್ಕಿದ ಮುಲಾಮು ಅಂಗೈಯಲ್ಲಿ ಇನ್ನೂ ಘಾಟಾಗಿತ್ತು.

ನಲವತ್ತೊಂದನೆಯ ಪುಟದಲ್ಲಿ ಅವಳ ಓದು ನಿಂತಿತು. ಉಬ್ಬಸದಿಂದ ಒದ್ದಾಡುವ ತಾಯಿ. ಮುಗಿದುಹೋದ ಔಷಧಿ. ಪರೀಕ್ಷೆಗೆ ಓದುತ್ತಿದ್ದ ಅಕ್ಕ ತಲೆಯನ್ನೂ ಎತ್ತದೆ ತಂಗಿಗೆ ಹೇಳುತ್ತಾಳೆ: 'ನೀನೇ ಹೋಗು.'

ಹನ್ನೊಂದು ವರ್ಷದ ಹಿಂದೆ ಮೈಕಿನ ಮುಂದಿನ ಅವಳೂ ತನ್ನ ತಂಗಿಗೆ ಹೇಳಿದ್ದು ಅದನ್ನೇ. ಸ್ಕೂಟರಿನಲ್ಲಿ ಹೋದ ಹದಿನೆಂಟರ ತಂಗಿ ವಾಪಸು ಬರುವಾಗ ಮನೆಯ ತಿರುವಿನಲ್ಲೇ ಲಾರಿಗೆ ಸಿಕ್ಕಿದ್ದಳು. ಅವಳ ಮುಷ್ಟಿ ಬಿಡಿಸಿ ಔಷಧಿ ತಂದುಕೊಟ್ಟದ್ದು ನೆರೆಮನೆಯವರು. ಅಮ್ಮ ಬದುಕಿಕೊಂಡಳು.

ಅವಳು ಆ ಸಾಲಿಗೆ ಮರಳಿದಳು. 'ನಾನೇ ಹೋಗ್ತೀನಿ' ಎಂದು ಓದಿದಳು.

ತೊಡೆಯ ಮೇಲೆ ಫೋನು ನಡುಗಿತು. ಹೆಡ್‌ಫೋನಿನ ಒಂದು ಬದಿ ಸರಿಸಿ ಎತ್ತಿಕೊಂಡಳು.

"ಏ ಅಕ್ಕಾ, ಬರ್ತಾ ಬೆಂಕಿಪೊಟ್ಟಣ ತಾ. ಮರೆತ್ರೆ ಇವತ್ತು ನಿನ್ನ ಸೀದ ಅಡುಗೇನೂ ಇಲ್ಲ."

ತಂಗಿಯದೇ ದನಿ. ಬಲಿತಿತ್ತು, ನಗುತ್ತಿತ್ತು. "ಪುಟ್ಟೀ... ಅಮ್ಮಂಗೆ ಕೊಡೇ."

"ಅಕ್ಕಾ, ಹುಷಾರಾಗಿದೀಯ ತಾನೆ? ಅಮ್ಮ ಹೋಗಿ ಹನ್ನೊಂದು ವರ್ಷ ಆಯ್ತಲ್ಲೇ. ನೀನು ನಡ್ಕೊಂಡು ಹೋಗಿ ಬರೋಷ್ಟರಲ್ಲಿ... ಬಿಡು. ನಿನ್ನ ತಪ್ಪಲ್ಲ ಅಂತ ಎಷ್ಟ್ ಸಲ ಹೇಳ್ಲಿ?"

ಅವಳು ಅಂಗೈ ಮೂಸಿದಳು. ಏನೂ ಇಲ್ಲ. ಮತ್ತೆ ಮೂಸಿದಳು. ಬರೀ ಬೆವರು.

ಹೆಡ್‌ಫೋನಿನಲ್ಲಿ ಮಾವನ ದನಿ ಅದುರುತ್ತಿತ್ತು. "ಏನಮ್ಮಾ ಓದಿಬಿಟ್ಟೆ? ಅಳಿಸ್ತೀನಿ, ಇನ್ನೊಂದ್ಸಲ ಓದು. ಪುಟ ತಿರುವಿದ್ರೆ ಮುಗೀತು."

ರೆಕಾರ್ಡಿಂಗಿನ ಕೆಂಪು ದೀಪ ಮತ್ತೆ ಹತ್ತಿಕೊಂಡಿತು.

ತಂಗಿಯಿಲ್ಲದ ಹನ್ನೊಂದು ವರ್ಷ ಅವಳಿಗೆ ರೂಢಿಯಾಗಿತ್ತು. ಅಮ್ಮನಿಲ್ಲದ ಒಂದು ಸಂಜೆಯೂ ಗೊತ್ತಿರಲಿಲ್ಲ. ಆರಿಸಿಕೊಳ್ಳಲು ಅವಳಿಗಿದ್ದ ಕಾರಣ ಅಷ್ಟೇ.

"ಅಕ್ಕಾ? ಇದೀಯಾ? ಹಲೋ?"

ತುಟಿ ಮೈಕಿಗೆ ತಾಗಿತು. ಅಂದು ಗೊತ್ತಿಲ್ಲದೆ ಆಡಿದ್ದ ಮಾತು. ಈಗ ಗೊತ್ತಿದ್ದೂ.

"ನೀನೇ ಹೋಗು."

"ಸರಿ ಬಿಡು, ಹೋಗ್ತೀನಿ," ಎಂದಿತು ಫೋನು, ಹದಿನೆಂಟರ ದನಿಯಲ್ಲಿ.

ಸಂಜೆ ಆರೂವರೆಗೆ ಅವಳು ಮನೆ ತಲುಪಿದಳು. ಬಾಗಿಲು ತೆರೆದದ್ದು ಅಮ್ಮ.